ಬೇರ್‌ಫೆಲ್ಡನ್ ಗಲ್ಲುಗಂಬ: ಹೋಗಿ, ಆದ್ರೆ ತಿಳ್ಕೊಂಡು ಹೋಗಿ

ಫ್ರಾಂಕ್‌ಫರ್ಟ್, ಹೈಡಲ್‌ಬರ್ಗ್ ಕಡೆ ಇರೋ ನಮ್ಮೋರಿಗೆ ಒಂದೇ ದಿನದಲ್ಲಿ ಹೋಗ್ಬರೋ ಜಾಗ ಇದು, ಓಡನ್‌ವಾಲ್ಡ್ ಬೆಟ್ಟಗಳ ನಡುವೆ ಬೇರ್‌ಫೆಲ್ಡನ್ ಅನ್ನೋ ಸಣ್ಣ ಊರಿನ ಹೊರಗೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಟ್ರೈನಲ್ಲಿ ಬಂದ್ರೆ ಹೆಟ್ಸ್‌ಬಾಖ್‌ನಲ್ಲಿ ಇಳೀಬೇಕು, ಭಾನುವಾರ ಆದ್ರೆ ಬಸ್ ಟೈಮ್ ಮೊದ್ಲೇ ನೋಡ್ಕೊಳಿ.

ಇರೋದು ಮೂರೇ ಕಂಬ. ಕೆಂಪು ಮರಳುಗಲ್ಲು, ಒಂದೊಂದೂ ಹತ್ರತ್ರ 5 ಮೀಟರ್, ತ್ರಿಕೋನದಲ್ಲಿ ನಿಲ್ಸಿ ಮೇಲೆ ಅಡ್ಡತೊಲೆ ಹಾಕಿದಾರೆ, ಅಂದ್ರೆ ಒಂದೇ ಸಲಕ್ಕೆ ಮೂರು ಜನರನ್ನ ನೇತಾಕ್ಬೋದಿತ್ತು. 1597ರಲ್ಲಿ ಕಟ್ಟಿದ್ದು, ಜರ್ಮನೀಲಿ ಇಷ್ಟು ಚೆನ್ನಾಗಿ ಉಳ್ದಿರೋದು ತೀರಾ ಕಮ್ಮಿ. ಕಂಬ ಮುಟ್ಟಿ ನೋಡ್ದೆ, ಬಿಸ್ಲು ಬಿದ್ದ ಕಡೆ ಬೆಚ್ಚಗೆ, ಹಿಂದ್ಗಡೆ ತಣ್ಣಗೆ, ಬೆರಳಿಗೆ ಸಣ್ಣಗೆ ಕೆಂಪು ಪುಡಿ ಅಂಟ್ತು. ಸುತ್ತ ಮರ, ಆಚೆ ಹಸಿರು ಹುಲ್ಲುಗಾವಲು, ಜಾಗ ಎಷ್ಟು ಚಂದ ಇದೆ ಅಂದ್ರೆ ಅದೇ ಸಂಕಟ ಆಗುತ್ತೆ, ಕತ್ತಿಗೆ ಹಗ್ಗ ಬಿದ್ದೋರು ಕೊನೇದಾಗಿ ನೋಡಿದ್ದು ಇದನ್ನೇ ತಾನೆ.

ಇಂಥವನ್ನ ಊರಾಚೆ ಎತ್ತರದಲ್ಲಿ ಕಟ್ತಿದ್ದಿದ್ದೇ ದಾರೀಲಿ ಹೋಗೋರಿಗೆಲ್ಲ ಕಾಣ್ಲಿ ಅಂತ, ಜೀವ ತೆಗೆಯೋ ಅಧಿಕಾರ ಇಲ್ಲಿ ನಮ್ಗಿದೆ ಅಂತ ಈ ಸೀಮೆ ಆಳ್ತಿದ್ದ ಎರ್ಬಾಖ್ ಕೌಂಟ್‌ಗಳು ಕಲ್ಲಲ್ಲೇ ಸಾರಿ ಹೇಳಿದ ಹಾಗೆ. ಆಗಿನ ಕಾನೂನು 1532ರ ಕರೋಲಿನಾ, ಚಕ್ರವರ್ತಿ ಐದನೇ ಚಾರ್ಲ್ಸ್ ಕಾಲದ್ದು. ಅದ್ರ ಪ್ರಕಾರ ಮರಣದಂಡನೆಗೆ ಇಬ್ರು ಕಣ್ಣಾರೆ ಕಂಡ ಸಾಕ್ಷಿ ಬೇಕು, ಇಲ್ಲಾಂದ್ರೆ ಆರೋಪಿನೇ ತಪ್ಪೊಪ್ಕೋಬೇಕು. ಬರೀ ಅನುಮಾನದ ಮೇಲೆ ಗಲ್ಲಿಗೆ ಹಾಕೋ ಹಾಗಿಲ್ಲ, ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಅನುಮಾನ ಬಲವಾಗಿದ್ರೆ ಚಿತ್ರಹಿಂಸೆ ಕೊಟ್ಟು ಒಪ್ಪಿಸ್ಬೋದಿತ್ತು! ಆಮೇಲೆ ಹಿಂಸೆ ನಿಂತ ಮೇಲೆ ಅದೇ ಮಾತು ಮತ್ತೆ ಹೇಳ್ಬೇಕು, ಇಲ್ಲ ಅಂದ್ರೆ ವಾಪಸ್ ಹಿಂಸೆಗೇ ಕರ್ಕೊಂಡು ಹೋಗ್ಬೋದು, ಅಂಥವರು ಇನ್ನೇನ್ ತಾನೇ ಹೇಳ್ಯಾರು.

ಇಲ್ಲಿ ಕೊನೇ ಗಲ್ಲು ಆಗಿದ್ದು 1804ರಲ್ಲಿ, ರೋಮಾ (ಜಿಪ್ಸಿ ಅಂತಾರಲ್ಲ, ಆ ಜನಾಂಗ) ಅಲೆಮಾರಿ ಹೆಂಗಸೊಬ್ಬಳಿಗೆ. ಒಂದು ಕೋಳಿ, ಎರಡು ಬ್ರೆಡ್ ಕದ್ದಿದ್ಲು ಅಂತ ಊರಿನ ಜನ ಇವತ್ತಿಗೂ ಹೇಳ್ತಾರೆ. ಎರಡೇ ವರ್ಷಕ್ಕೆ, 1806ರಲ್ಲಿ, ಎರ್ಬಾಖ್ ಕೌಂಟ್‌ಗಳ ಆಳ್ವಿಕೆನೇ ಮುಗ್ದು ಜಾಗ ಹೆಸ್ಸೆ ಸಂಸ್ಥಾನದ ಕೈಗೆ ಹೋಯ್ತು. ಎರಡು ವರ್ಷ ರೀ! ನಂಗೆ ಅಲ್ಲಿಂದ ಬೇಗ ಏಳೋಕೇ ಆಗ್ಲಿಲ್ಲ.

ನಾನಿದ್ದಾಗ ಒಂದು ಗ್ಯಾಂಗ್ ಬಂದು ನಾಲ್ಗೆ ಹೊರಗ್ಹಾಕಿ ನೇತಾಡೋ ಹಾಗೆ ಪೋಸ್ ಕೊಟ್ಟು ಸೆಲ್ಫಿ ತಗೊಂಡ್ರು, ದಯವಿಟ್ಟು ಹಂಗೆ ಮಾಡ್ಬೇಡಿ. ಮಕ್ಳನ್ನ ಕರ್ಕೊಂಡು ಹೋಗೋದಾದ್ರೆ ಹತ್ತು ಹನ್ನೆರಡು ವರ್ಷ ಆದ್ಮೇಲೆ ಹೋಗಿ, ಕೂತ್ಕೊಂಡು ಪೂರ್ತಿ ಕಥೆ ಹೇಳಿ, ನನ್ ಮಗಳು "ಬ್ರೆಡ್ ಯಾರಿಗೆ ಬೇಕಿತ್ತಂತೆ ಅಮ್ಮಾ" ಅಂತ ಕೇಳಿದ್ಲು.

ವಾಪಸ್ ಬರ್ತಾ ಊರೊಳಗೆ ಮ್ಯುಮ್ಲಿಂಗ್ ನದಿ ಹುಟ್ಟೋ ಕಡೆ 12 ಕೊಳವೆ ಕಾರಂಜಿ ಇದೆ, ಅದ್ರ ಪಕ್ಕ ಕೂತು ತಂದಿದ್ದ ಚಪಾತಿ ತಿಂದ್ವಿ. 5ಕ್ಕೆ 5.