ಬೀಗ ಒಡೆಯುತ್ತೇನೆ ಎನ್ನದ ಅಂಗಡಿ

ಲ್ಯಾಪ್‌ಟಾಪ್ ಆನ್ ಮಾಡಿದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತಿದೆಯಾ? ಹಾಗಿದ್ದರೆ ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರ, ಲ್ಯಾಮಿಂಗ್ಟನ್ ರೋಡಿನ ಈ ರಿಪೇರಿ ಅಂಗಡಿಗೆ ಧೈರ್ಯವಾಗಿ ಹೋಗಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ.

ನಾನಿರುವುದು ಡೊಂಬಿವಲಿಯಲ್ಲಿ. ಮನೆಯಲ್ಲೇ ಕೂತು ಒಂದಷ್ಟು ಉಡುಪಿ ಹೋಟೆಲುಗಳ ಲೆಕ್ಕ ಬರೆಯುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನು, ಹುಡುಗರ ಸಂಬಳ, ಅವರ ಆಧಾರ್ ಕಾಪಿ ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ. ಚಾರ್ಜ್ ಆಗುತ್ತಿಲ್ಲ ಅಂತ ನಮ್ಮ ಏರಿಯಾದ ಒಂದು ಸರ್ವಿಸ್ ಸೆಂಟರಿಗೆ ಕೊಟ್ಟಿದ್ದೆ. ಅದನ್ನು ಸರಿ ಮಾಡಿದರು. ಜೊತೆಗೆ, ಕೇಳದೆ ಹೇಳದೆ, ಬಯೋಸ್ (ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡಿಬಿಟ್ಟರು. ಮನೆಗೆ ತಂದು ಆನ್ ಮಾಡಿದರೆ ಬಿಟ್‌ಲಾಕರ್ ರಿಕವರಿ ಅಂತ ಬರೆದಿರುವ ನೀಲಿ ಪರದೆ! ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ನನ್ನ ಪಿನ್ ಹಾಕೋಣ ಅಂದರೆ ಅಲ್ಲಿ ಅದಕ್ಕೆ ಜಾಗವೇ ಇಲ್ಲ. 20ನೇ ತಾರೀಕಿಗೆ ಜಿಎಸ್‌ಟಿಯ 3ಬಿ ರಿಟರ್ನು ಕಟ್ಟಬೇಕು. ವಾಪಸ್ ಹೋಗಿ ಕೇಳಿದರೆ "ಫಾರ್ಮ್ಯಾಟ್ ಮಾಡಿಕೊಡ್ತೀವಿ, ಡೇಟಾ ಸಿಗಲ್ಲ" ಅಂದರು. ಸ್ಟೇಷನ್ ಪಕ್ಕದ ಇನ್ನೊಬ್ಬ "ಕ್ರ್ಯಾಕ್ ಮಾಡ್ತೀನಿ, ಮೊದಲು ಅರ್ಧ ದುಡ್ಡು ಕೊಡಿ" ಅಂದ.

ಲ್ಯಾಮಿಂಗ್ಟನ್ ರೋಡಿನ ಅಂಗಡಿ ಹೇಳಿದ್ದು ನನ್ನ ಒಂದು ಹೋಟೆಲಿನ ಕ್ಯಾಷಿಯರ್. ನಾನು ಹಿಂದಿಯಲ್ಲಿ ಶುರು ಮಾಡಿದೆ. ನಡುವೆ ಮನೆಯಿಂದ ಫೋನ್ ಬಂತು, ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅಂಗಡಿಯವರು "ಯಾವ ಊರು ಅಕ್ಕ?" ಅಂದರು. ಅವರದು ಕಾರ್ಕಳದ ಕಡೆ. ಆಮೇಲೆ ಸುತ್ತಿಬಳಸದೆ ಹೇಳಿದರು: "ಇದನ್ನು ಒಡೀಲಿಕ್ಕೆ ಆಗುದಿಲ್ಲ. ಆಗ್ತದೆ ಅಂದವನಿಗೆ ದುಡ್ಡು ಕೊಡ್ಬೇಡಿ."

ಬರೀ ಬಾಯಿಮಾತಲ್ಲ, ತೋರಿಸಿದರು. ಹಿಂದಿನ ಸ್ಕ್ರೂ ಬಿಚ್ಚಿ, ಡೇಟಾ ಎಲ್ಲ ಇರುವ ಡಿಸ್ಕು, ಅಂದರೆ ಎಸ್‌ಎಸ್‌ಡಿ ತೆಗೆದು, ಯುಎಸ್‌ಬಿ ಡಬ್ಬಿಗೆ ಹಾಕಿ ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ನನ್ನ ಡ್ರೈವ್ ಬಂತು, ಮೇಲೊಂದು ಹಳದಿ ಬೀಗದ ಚಿತ್ರ. ಕ್ಲಿಕ್ ಮಾಡಿದರೆ ಅಲ್ಲೂ ಕೀ ಕೇಳಿತು. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿ ಮಾಡಿಟ್ಟಿರುತ್ತದಂತೆ. ಬಿಡಿಸುವ ಕೀ ಬೋರ್ಡಿನ ಟಿಪಿಎಂ ಅನ್ನುವ ಚಿಪ್ಪಿನ ಕಾವಲಲ್ಲಿ. ಪ್ರತಿ ಸಲ ಆನ್ ಆಗುವಾಗ ಬಯೋಸ್, ಬೂಟ್ ಎಲ್ಲ ಮೊದಲಿನ ಹಾಗೇ ಇದೆಯಾ ಅಂತ ಚಿಪ್ಪು ನೋಡುತ್ತದೆ. ಬದಲಾಗಿದ್ದರೆ ಕೀ ಬಿಡುವುದಿಲ್ಲ. ಬಯೋಸ್ ಮುಟ್ಟಿದ್ದು ಕಳ್ಳನೋ ಸರ್ವಿಸ್ ಸೆಂಟರಿನವನೋ, ಅದಕ್ಕೇನು ಗೊತ್ತು? 2024ರ ಜುಲೈನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೂ ಕೆಲವು ಮಷೀನುಗಳು ಹೀಗೇ ಕೀ ಕೇಳಿದ್ದವು.

"ನಾನು ಇದನ್ನೆಲ್ಲ ಹಾಕಿಸಿಕೊಂಡೇ ಇಲ್ವಲ್ಲ" ಅಂದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಬಹಳಷ್ಟು ಸಲ ಅದೇ ಚಾಲೂ ಆಗುತ್ತದಂತೆ, ಹೋಮ್ ಎಡಿಷನ್ನಿನಲ್ಲೂ. ಕೀ ಆ ಅಕೌಂಟಿಗೆ ಹೋಗಿ ಕೂರುತ್ತದೆ.

ಆಗ ಅವರು ಕೇಳಿದ ಒಂದು ಪ್ರಶ್ನೆಗೇ ನಾನು ಈ ರಿವ್ಯೂ ಬರೆಯುತ್ತಿರುವುದು: "ಹೊಸತು ತಂದಾಗ ಫಸ್ಟ್ ಯಾರ ಅಕೌಂಟ್ ಹಾಕಿದ್ದು?" ನನ್ನ ಅಕೌಂಟಿನಲ್ಲಿ ನೋಡಿಯಾಗಿತ್ತು, ಏನೂ ಇರಲಿಲ್ಲ. ಬೇರೆ ಯಾರೂ ಇದನ್ನು ಕೇಳಿರಲಿಲ್ಲ. ಡಬ್ಬಿ ಬಿಚ್ಚಿ ಎಲ್ಲ ಸೆಟ್ ಮಾಡಿದ್ದು ಮಗಳು, ಅವಳ ಅಕೌಂಟಿನಲ್ಲಿ. ಅವಳೀಗ ಪುಣೆಯಲ್ಲಿ, ಹಿಂಜೆವಾಡಿಯಲ್ಲಿ ಕೆಲಸ. ಅಲ್ಲಿಂದಲೇ ಫೋನಿನಲ್ಲಿ ತನ್ನ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ರಿಕವರಿ ಕೀ ಪುಟಕ್ಕೆ ಹೋದಳು. ಅಲ್ಲಿ ಅವಳ ಹಳೇ ಲ್ಯಾಪ್‌ಟಾಪಿನ ಕೀಯೂ ಇತ್ತು. ಗಡಿಬಿಡಿ ಬೇಡ ಅಂದರು ಅಂಗಡಿಯವರು. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಇರುತ್ತದೆ, ಅದರ ಮೊದಲ 8 ಅಕ್ಷರ ಓದಿಸಿ ತಾಳೆ ನೋಡಿದರು. ಒಂದು ಸರಿ ಕೂತಿತು.

ಕೀ ಅಂದರೆ ಆರಾರು ಅಂಕಿಯ 8 ಗುಂಪು. ಪ್ರತಿ ಗುಂಪೂ 11ರಿಂದ ಭಾಗವಾಗಲೇಬೇಕಂತೆ, ಹಾಗಾಗಿ ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. ಲೆಕ್ಕದವಳಿಗೆ ಇದು ಬಹಳ ಹಿಡಿಸಿತು! ಮಗಳು ಫೋನಿನಲ್ಲಿ ಓದಿದಳು. "ನೀವೇ ಒತ್ತಿ ಅಕ್ಕ" ಅಂತ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ಅವರು ಪಕ್ಕದ ಗಿರಾಕಿಯ ಪ್ರಿಂಟರ್ ಕಡೆ ಮುಖ ಮಾಡಿದರು. ವಿಂಡೋಸ್ ತೆರೆಯಿತು. ಟ್ಯಾಲಿ ಹೇಗಿತ್ತೋ ಹಾಗೇ ಇತ್ತು.

ತಗೊಂಡಿದ್ದು ನೋಡಿದ ಚಾರ್ಜ್ 300 ರೂಪಾಯಿ ಮಾತ್ರ. ಕೀಯನ್ನು ನನ್ನ ಡೈರಿಯಲ್ಲಿ ಬರೆಸಿದರು, ಲ್ಯಾಪ್‌ಟಾಪಿನೊಳಗೇ ಇಟ್ಟರೆ ಉಪಯೋಗವಿಲ್ಲ ಅಲ್ವಾ. ಇನ್ನು ಮುಂದೆ ಯಾರಾದರೂ ಬಯೋಸ್ ಮುಟ್ಟುವುದಿದ್ದರೆ ಮೊದಲು ಬಿಟ್‌ಲಾಕರ್ ಸಸ್ಪೆಂಡ್ (ಸ್ವಲ್ಪ ಹೊತ್ತಿಗೆ ನಿಲ್ಲಿಸುವುದು) ಮಾಡಲಿಕ್ಕೆ ಹೇಳಿ ಅಂದರು. ಇದನ್ನು ತೆಗೆಸಿಯೇಬಿಡಲಾ ಅಂತ ಕೇಳಿದೆ, ಬೇಡ ಅಂದರು. ನನಗೂ ಹಾಗೇ ಅನ್ನಿಸಿತು. ಸಂಜೆಯ ಡೊಂಬಿವಲಿ ಫಾಸ್ಟಿನಲ್ಲಿ ಬ್ಯಾಗ್ ಹೋದರೆ ಹೋಗಲಿ, ಹೋಟೆಲ್ ಹುಡುಗರ ಆಧಾರ್ ಕಂಡವರ ಕೈಗೆ ಸಿಗಬಾರದು.

ಇನ್ನು ಕತ್ತರಿಸಿದ ಸ್ಟಾರ್. ಅಂಗಡಿಯವರು ಫೋನ್ ಎತ್ತುವುದೇ ಇಲ್ಲ. ಕೂರಲು ಒಂದು ಸ್ಟೂಲ್ ಇದೆ, ಅದರ ಮೇಲೆ ಯಾವಾಗಲೂ ಯಾರದೋ ಸಿಪಿಯು. ಮೆಟ್ಟಿಲು ಕಡಿದು, ಮಂಡಿನೋವಿನವರು ಯಾರನ್ನಾದರೂ ಕಳಿಸುವುದು ಒಳ್ಳೆಯದು. ಬಿಲ್ಲು ಕೇಳಿ ಕೇಳಿ ಪಡೆಯಬೇಕು, ಅದೂ ಸಣ್ಣ ಚೀಟಿಯಲ್ಲಿ. ಇದನ್ನು ನಾನು ಯಾವ ಖಾತೆಗೆ ಹಾಕಲಿ ಮಾರಾಯ್ರೆ?

ಸೆಂಟ್ರಲ್ ಲೈನಿನವರು ದಾದರಿನಲ್ಲಿ ಇಳಿದು ವೆಸ್ಟರ್ನ್ ಸ್ಲೋ ಹಿಡಿಯಿರಿ. ಭಾನುವಾರ ರಜೆ. ಚಾರ್ಜರ್ ಮರೆಯಬೇಡಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಇಲ್ಲಿಯವರೆಗೆ ಬರುವುದೇ ದಂಡ. ಅದರ ಕೀ ಸಾಮಾನ್ಯವಾಗಿ ಕಂಪನಿಯ ಐಟಿಯವರ ಹತ್ತಿರ ಇರುತ್ತದೆ, ಮೊದಲು ಅವರಿಗೆ ಫೋನ್ ಹಚ್ಚಿ.