ಪಲ್ಪಿಂಗ್ ನೀರಿನ ಹೊಂಡ: ಯಾವ ಲೆಕ್ಕ ಹಿಡಿಯಬೇಕು?

ಮೂಡಿಗೆರೆ ಕಡೆ ಕಾಫಿ ಪಲ್ಪಿಂಗ್ ನೀರಿಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ಕೊಳೆ ನೀರಿಗೆ, ಹೊಂಡ ತೋಡುವವರ ಮುಂದೆ ಆ ಕೊಳೆ ಎಷ್ಟು ಬೇಗ ಕಳೆಯುತ್ತದೆ ಎಂದು ತಿಳಿಯಲು ಎರಡು ಲೆಕ್ಕಗಳಿವೆ. ಒಂದರಲ್ಲಿ ಹೊಂಡದ ನೀರು ಸಾರಿನ ಹಾಗೆ ಪೂರ್ತಿ ಕಲಸಿಹೋಗುತ್ತದೆ ಎಂದುಕೊಳ್ಳುತ್ತೇವೆ. ಇನ್ನೊಂದರಲ್ಲಿ ನೀರು ಕಾಲುವೆಯಲ್ಲಿ ಹೋದಂತೆ ಸಾಲಾಗಿ ಸಾಗುತ್ತದೆ, ಹಿಂದಿನದು ಮುಂದಿನದಕ್ಕೆ ಬೆರೆಯುವುದಿಲ್ಲ.

ಒಳಗೆ ಬರುವ ನೀರಿನ ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ; ಇದೇ ಕೊಳೆಯ ಅಳತೆ) ಲೀಟರಿಗೆ 400 ಮಿಲಿಗ್ರಾಂ, ಹೊರಗೆ 100, ನೀರು ನಿಲ್ಲುವುದು 10 ದಿನ ಅಂದುಕೊಳ್ಳಿ. ಕಲಸಿದ ಲೆಕ್ಕದಲ್ಲಿ 400ನ್ನು 100ರಿಂದ ಭಾಗಿಸಿ, 1 ಕಳೆದು, 10ರಿಂದ ಭಾಗಿಸಬೇಕು: ಕೊಳೆಯುವ ದರ ದಿನಕ್ಕೆ 0.3. ಸಾಲು ಲೆಕ್ಕದಲ್ಲಿ 4ರ ನ್ಯಾಚುರಲ್ ಲಾಗ್ ತೆಗೆದು 10ರಿಂದ ಭಾಗಿಸಿದರೆ 0.14. ಹೊಂಡ ಅದೇ, ನೀರೂ ಅದೇ! ಜನ ಎಡವುವುದು ಇಲ್ಲೇ. ಆ 0.3 ಅನ್ನು ಸುಮ್ನೆ ಸಾಲು ಸೂತ್ರಕ್ಕೆ ಹಾಕಿದರೆ ಹೊರಗಿನ ಬಿಒಡಿ 20 ಅಂತ ಬರುತ್ತದೆ. ಕಾಗದದ ಮೇಲೆ ಮಾತ್ರ.

ಹೊಂಡ ಅಗಲವಾಗಿದ್ದು ಗಾಳಿ ಜಾಸ್ತಿ ಇದ್ದರೆ ಕಲಸಿದ ಲೆಕ್ಕವೇ ನನ್ನ ಆಯ್ಕೆ. ಒಳಗೆ ತಡೆಗೋಡೆ ಕಟ್ಟಿ ನೀರನ್ನು ಸುತ್ತಾಡಿಸಿದ್ದರೆ ಸಾಲು ಲೆಕ್ಕ ಹತ್ತಿರ ಬರುತ್ತದೆ.

ಎರಡರಲ್ಲೂ ಚಳಿ ಮರೆಯಬೇಡಿ, ಚಳಿಗೆ ಕೊಳೆಯುವ ದರ ಇಳಿಯುತ್ತದೆ. ಪಲ್ಪಿಂಗ್ ಜೋರಾಗುವುದೇ ಡಿಸೆಂಬರ್-ಜನವರಿಯಲ್ಲಿ ಅಲ್ವಾ? ಪ್ರತಿ ಡಿಗ್ರಿಗೆ 1.05ರ ಗುಣಕ ಹಿಡಿದರೆ, 20 ಡಿಗ್ರಿಯಲ್ಲಿ 0.3 ಇದ್ದದ್ದು 15 ಡಿಗ್ರಿಗೆ 0.235 ಆಗುತ್ತದೆ. ಹುಳಿ ನೀರಿಗೆ ಮೊದಲು ಸುಣ್ಣ ಹಾಕಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ, ಯಾವ ಸೂತ್ರ ಹಿಡಿದರೂ ಅಷ್ಟೇ.