ಒಂದೇ ಬಿಳಿ, ಅವರವರ ಇಷ್ಟ, ಹೊಂದಿಸಿದ ಬಣ್ಣ: ಮೂರು ಫ್ಯಾಮಿಲಿ ಫೋಟೋಗಳ ಹೋಲಿಕೆ

ನಮ್ಮ ಹಾಲ್‌ನ ಗೋಡೆಯ ಮೇಲೆ ಮೂರು ಫ್ಯಾಮಿಲಿ ಫೋಟೋ ತೂಗುತ್ತಿವೆ. ಮೂರರಲ್ಲೂ ಅದೇ ಐದು ಜನ: ಮಾವ, ನಮ್ಮೆಜಮಾನರು, ನಾನು, ಮಗಳು, ಮಗ. ಬಟ್ಟೆ ಆರಿಸಿದ ರೀತಿ ಮಾತ್ರ ಪ್ರತಿ ಸಲವೂ ಬೇರೆ. ಯಾವುದು ಚೆನ್ನಾಗಿದೆ ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಯಿತು, ಇಲ್ಲಿ ಬರೆದುಬಿಡುತ್ತೇನೆ.

ಮೊದಲ ಸಲ ಎಲ್ಲರಿಗೂ ಬಿಳಿ ಅಂಗಿ, ನೀಲಿ ಜೀನ್ಸ್. ಯೋಚನೆಯೇ ಬೇಡ, ಬೀರುವಿನಲ್ಲಿ ಇದ್ದದ್ದೇ ಸಾಕು ಅಂದುಕೊಂಡೆವು. ಬಿಳಿಯಲ್ಲಿ ಎಷ್ಟು ಬಗೆ ಇದೆ ಅಂತ ಗೊತ್ತಾಗಿದ್ದು ಪಕ್ಕಪಕ್ಕ ನಿಂತಾಗ. ಮಾವನ ಅಂಗಿ ಕೆನೆ ಬಣ್ಣಕ್ಕೆ ತಿರುಗಿತ್ತು. ಮಗನ ಹೊಸ ಅಂಗಿ ನೀಲಿ ಹೊಡೆಯುತ್ತಿತ್ತು. ಇನ್ನೊಂದು ತೊಂದರೆ ಕ್ಯಾಮೆರಾದ್ದು. ಎದುರಿಗೆ ಬಿಳಿ ಜಾಸ್ತಿ ಕಂಡರೆ ಅದು ಬೆಳಕು ಹೆಚ್ಚಾಯಿತು ಅಂತ ತಿಳಿದು ಇಡೀ ಚಿತ್ರವನ್ನು ಮಬ್ಬು ಮಾಡುತ್ತದೆ. ನಮ್ಮ ಮುಖಗಳು ಕಪ್ಪಿಟ್ಟವು. ಫೋಟೋಗ್ರಾಫರ್ ಮುಖಕ್ಕೆ ಬೆಳಕು ಏರಿಸಿದರು, ಆಗ ಅಂಗಿಯ ಮಡಿಕೆಗಳೆಲ್ಲ ಅಳಿಸಿಹೋದವು. ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವಲ್ಲ, ಯಾರ ತೋಳು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯುವುದಿಲ್ಲ. ದೂರದಿಂದ ನೋಡಿದರೆ ಯಾವುದೋ ಅಂಗಡಿಯ ಸಿಬ್ಬಂದಿ ಸಾಲಾಗಿ ನಿಂತ ಹಾಗಿದೆ.

ಎರಡನೇ ಸಲ ಅದರ ಸಿಟ್ಟಿಗೆ, ಯಾರಿಗೆ ಏನು ಬೇಕೋ ಹಾಕಿಕೊಳ್ಳಿ ಎಂದೆ. ಜಗಳವಿಲ್ಲದೆ ಹೊರಟ ಬೆಳಗು ಅದೊಂದೇ. ಮುಖಗಳೂ ಮೂರರಲ್ಲಿ ಇದರಲ್ಲೇ ಚೆಂದ, ಎಲ್ಲರೂ ನಿಜವಾಗಿ ನಗುತ್ತಿದ್ದಾರೆ. ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಮಗನ ಟೀ ಶರ್ಟ್ ಮೇಲಿನ ದೊಡ್ಡ ಅಕ್ಷರಗಳಿಗೆ. ಓದಿ ಮುಗಿಸಿದ ಮೇಲೆಯೇ ಅವನ ಮುಖ. ಯಜಮಾನರದ್ದು ಸಣ್ಣ ಗೆರೆಗಳ ಅಂಗಿ. ಕ್ಯಾಮೆರಾದ ಸೆನ್ಸರ್‌ನಲ್ಲಿ ಸಣ್ಣ ಸಣ್ಣ ಚುಕ್ಕಿಗಳ ಸಾಲಿರುತ್ತದೆ. ಬಟ್ಟೆಯ ಗೆರೆ ಅಷ್ಟೇ ಸಣ್ಣದಾಗಿ ಬಿದ್ದರೆ ಎರಡೂ ಸೇರಿ ಅಲೆ ಅಲೆಯಾದ ಬಣ್ಣದ ಪಟ್ಟೆ ಮೂಡುತ್ತದೆ. ಅವರ ಎದೆಯ ಮೇಲೆ ಆಗಿದ್ದು ಅದೇ. ಮಗಳ ಕಣ್ಣು ಕುಕ್ಕುವ ಗುಲಾಬಿ ಫ್ರಾಕ್ ಬಿಸಿಲಿಗೆ ಅವಳ ಗಲ್ಲಕ್ಕೂ ಪಕ್ಕದಲ್ಲಿದ್ದ ತಮ್ಮನ ಕೆನ್ನೆಗೂ ಬಣ್ಣ ಬಳಿಯಿತು. ನಾನೋ, ಹುಲ್ಲಿನ ಮುಂದೆ ಹಸಿರು ಉಟ್ಟು ನಿಂತಿದ್ದೆ. ತಲೆಯೊಂದೇ ತೇಲುತ್ತಿದೆ!

ಮೂರನೇ ಸಲ ಬಣ್ಣ ಹೊಂದಿಸಿದೆವು. ಎಲ್ಲರಿಗೂ ಒಂದೇ ಬಣ್ಣ ಅಲ್ಲ, ಒಂದಕ್ಕೊಂದು ಜಗಳವಾಡದ ಮೂರು ಬಣ್ಣ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಇದರ ಗುಟ್ಟು. ಮನೆಯಲ್ಲಿ ಯಾರ ಹಟ ಜಾಸ್ತಿಯೋ ಅವರ ಬಟ್ಟೆಯಿಂದ. ನಮ್ಮಲ್ಲಿ ಮಗಳು. ಅವಳು ಹಿಡಿದ ಹೂವಿನ ಫ್ರಾಕಿನಲ್ಲಿ ಕಡುಗೆಂಪು, ಸಾಸಿವೆ ಹಳದಿ, ಬೂದು ನೀಲಿ ಇದ್ದವು. ಉಳಿದ ನಾಲ್ವರಿಗೂ ಅವೇ ಮೂರರಿಂದ ಆರಿಸಿ, ಎಲ್ಲ ಪ್ಲೇನ್. ಚಿತ್ತಾರ ಅವಳೊಬ್ಬಳಿಗೇ.

ಬಟ್ಟೆಗಳನ್ನು ಮಂಚದ ಮೇಲೆ ಹರಡಿ ಫೋನಿನಲ್ಲಿ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಮಾಡಿದೆ. ಸುಮ್ನೆ ಮಾಡಿದ್ದು, ಆದರೆ ಇದರಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ. ಯಜಮಾನರ ಕಡುಗೆಂಪೂ ಮಗನ ಬೂದು ನೀಲಿಯೂ ಅದರಲ್ಲಿ ಒಂದೇ ಬೂದಿ ಬಣ್ಣ! ಬಣ್ಣ ಬೇರೆಯಾದರೂ ಗಾಢತೆ ಒಂದೇ. ಬಟ್ಟೆ ಬದಲಿಸಲಿಲ್ಲ, ಅವರಿಬ್ಬರ ನಡುವೆ ನಾನು ನಿಂತೆ, ಅಷ್ಟೇ. ಆಮೇಲೆ ಎಲ್ಲರೂ ಹಾಕಿಕೊಂಡು ಒಮ್ಮೆ ಕುಳಿತು ನೋಡಿದೆವು. ನಿಂತಾಗ ಸರಿ ಇದ್ದ ಮಾವನ ಅಂಗಿ ಕುಳಿತಾಗ ಗುಂಡಿಗಳ ನಡುವೆ ಬಾಯಿಬಿಟ್ಟಿತು. ಮಗನ ಕಾಲರ್ ಕುತ್ತಿಗೆಗೆ ಚುಚ್ಚುತ್ತಿತ್ತು. ಎರಡನ್ನೂ ಬದಲಿಸಿದೆವು. ನನ್ನ ಹೊಳೆಯುವ ಸಿಂಥೆಟಿಕ್ ಟಾಪ್ ಫ್ಲ್ಯಾಶಿಗೆ ಮಿಂಚುತ್ತದೆ ಅಂತ ಅದನ್ನೂ ಒಳಗಿಟ್ಟೆ, ಹತ್ತಿಯದು ಹಾಕಿಕೊಂಡೆ.

ಇಷ್ಟಕ್ಕೆಲ್ಲ ಎರಡು ಸಂಜೆ ಹಿಡಿಯಿತು. ಅಷ್ಟು ಮಾಡಿಯೂ ಒಂದನ್ನು ಮರೆತೆವು: ಮಾವನ ಕನ್ನಡಕ ಬಿಸಿಲಿಗೆ ತಾನಾಗಿ ಕಪ್ಪಾಗುವಂಥದ್ದು. ಫೋಟೋದಲ್ಲಿ ಅವರ ಕಣ್ಣೇ ಕಾಣುವುದಿಲ್ಲ.

ಆದರೂ ನನ್ನ ಓಟು ಮೂರನೆಯದಕ್ಕೇ, ಅದರಲ್ಲೂ ಹೊರಗೆ ತೆಗೆಸುವುದಾದರೆ. ಪುಟ್ಟ ಮಗು ಇರುವ ಮನೆಯಲ್ಲಿ ಅವರವರ ಇಷ್ಟಕ್ಕೆ ಬಿಡಿ, ಅಕ್ಷರ ಮತ್ತು ಸಣ್ಣ ಗೆರೆ ಮಾತ್ರ ಬೇಡ. ಬಿಳಿಯೇ ಬೇಕು ಅನ್ನುವವರು ಒಬ್ಬರಿಗೆ ಕೆನೆ, ಒಬ್ಬರಿಗೆ ತಿಳಿ ಬೂದಿ ಅಂತ ಬೇಕೆಂದೇ ಬೇರೆ ಮಾಡಿ. ನಾನಂತೂ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ.

ಮುಂದಿನ ಸಲ ತನ್ನಿಂದಲೇ ಶುರು ಮಾಡಬೇಕು ಅಂತ ಮಗ ಈಗಲೇ ಹೇಳಿಟ್ಟಿದ್ದಾನೆ. ಅವನ ಮನಸ್ಸಿನಲ್ಲಿರುವುದು ಒಂದು ಕಿತ್ತಳೆ ಬಣ್ಣದ ಚೌಕಳಿ ಅಂಗಿ. ಚೌಕಳಿ ದೊಡ್ಡದಿದೆ, ನಡೆಯುತ್ತದೆ. ಆ ಕಿತ್ತಳೆಗೆ ಮಾವನನ್ನು ಹೇಗೆ ಒಪ್ಪಿಸುವುದು ಅಂತಷ್ಟೇ ಯೋಚನೆ.